ಎಲೆ ಬಿಡುವ ಕಾಲ

ಬ್ರ್ನೋ ಊರಿನ ಟ್ರಾಮ್ ಡಿಪೋ ಹಿಂದೆ,
ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ, ಒಂದೇ ಒಂದು ಮೇಜು.
ಹಸಿರು ಬಟ್ಟೆ ಅಂಚಿನಲ್ಲಿ ಸವೆದು ಹಲಗೆ ಕಾಣುತ್ತದೆ.
ಹತ್ತು ಕೊರುನಾ, ಇಪ್ಪತ್ತು ಕೊರುನಾ. ಇದಕ್ಕಿಂತ ಸಣ್ಣ ಆಟ
ನನಗೆ ಸಿಗಲಿಲ್ಲ. ಸಿಕ್ಕಿದ್ದರೆ ಅಲ್ಲಿಗೇ ಹೋಗುತ್ತಿದ್ದೆ.

ಹಗಲು ನಾನು ಅರಣ್ಯಶಾಸ್ತ್ರದ ಎರಡನೇ ವರ್ಷ.
ಬೀಚ್, ಹಾರ್ನ್‌ಬೀಮ್, ಲಿಂಡೆನ್:
ಅಂಚು ತಡವಿ, ನರ ಎಣಿಸಿ
ಎಲೆ ನೋಡಿ ಮರ ಹೇಳಬೇಕು.
ರಾತ್ರಿ, ಮುಖ ನೋಡಿ ಎಲೆ ಹೇಳಬೇಕು.

ಲಿಂಡೆನ್ ಹೂವಿನ ಚಹಾದ ತಗಡು ಡಬ್ಬಿಯಲ್ಲಿ ನನ್ನ ಗಂಟು.
ಶುರುವಿಗೆ ಆರು ಸಾವಿರ, ಹಾಪ್ಸ್ ಕೊಯ್ಲಿನ ಕೂಲಿ,
ಬೆರಳಿನ ಕಪ್ಪು ಹೋಗಲು ಮೂರು ವಾರ ಹಿಡಿಯಿತು.
ಇಪ್ಪತ್ತು ಪಾಲಾದರೂ ಇರಬೇಕು ಅನ್ನುತ್ತಾರೆ ಬಲ್ಲವರು.
ನನ್ನ ಬಳಿ ಆರು.
ರಾತ್ರಿಗೆ ಒಂದೇ ಸಾವಿರ. ಹೋದರೆ ಹೋಯಿತು,
ಕೋಟು ತೊಟ್ಟು ಮೆಟ್ಟಿಲಿಳಿಯುವುದು.
ನಿಯಮ ಹಾಕಿದವಳೂ ನಾನೇ, ಮುರಿಯಲು ಹವಣಿಸುವವಳೂ ನಾನೇ,
ನಡುವೆ ಕಾವಲಿಗೆ ಒಂದು ಮುಚ್ಚಳ.

ಕಸಾಯಿ ಚೆನ್ಯೆಕ್, ಒಳ್ಳೆಯ ಕೈ ಬಂದರೆ ಉಸಿರಾಡಲು ಮರೆಯುತ್ತಾನೆ.
ಹನೋಯಿ ಕಡೆಯ ಖೊವಾ ಅವರು ಅಂಗಡಿ ಮುಚ್ಚಿ ಬರುವುದು ಹತ್ತೂವರೆಗೆ,
ಕಿತ್ತಳೆ ಸುಲಿದು ಎಲ್ಲರಿಗೂ ಹಂಚಿ
ಆಮೇಲೆ ಎಲ್ಲರನ್ನೂ ಸುಲಿಯುತ್ತಾರೆ.
ಮತ್ತೆ ವ್ಲಾಸ್ತಿಮಿಲ್, ನಲವತ್ತು ವರ್ಷ ಟ್ರಾಮ್ ಓಡಿಸಿದ ಮುದುಕ.
ಯಾರು ಎಷ್ಟೇ ಏರಿಸಲಿ, ಅವರು ನಿಂತೇ ನಿಲ್ಲುತ್ತಾರೆ,
ನಿಲ್ದಾಣ ತಪ್ಪಿಸಿದರೆ ಚಳಿಯಲ್ಲಿ ಯಾರೋ ಉಳಿದುಬಿಡುತ್ತಾರೆ ಎಂಬ ಹಾಗೆ.
'ನಮ್ಮ ಹಳೇ ಕಟ್ಟಿನಲ್ಲಿ ಓಕ್ ಕಾಯಿ ಇತ್ತು, ಗಂಟೆ ಇತ್ತು,
ಈ ಡೈಮಂಡು ಕಳಾವರು ನನ್ನ ತಲೆಗೆ ಹತ್ತುವುದಿಲ್ಲಮ್ಮ'
ಅನ್ನುತ್ತಲೇ ಬಿಲ್ಲೆ ನೂಕುತ್ತಾರೆ.
ನಾನು ಗೆದ್ದದ್ದರಲ್ಲಿ ಅರ್ಧ ಅವರ ಪಿಂಚಣಿ.
ಇದನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಲ್ಲ.

ಆಟವೆಂದರೆ ಬಹುಪಾಲು ಕೈಬಿಡುವುದು.
ಏಳು-ಎರಡು, ಬಿಡು.
ರಾಜ-ನಾಲ್ಕು, ಬಿಡು.
ಒಂದೇ ಬಣ್ಣದ ರಾಣಿ-ಒಂಬತ್ತು, ನೋಡಲು ಎಷ್ಟು ಚೆಂದ,
ಅದನ್ನೂ.
ಕಿಟಕಿಯಾಚೆ ನವೆಂಬರಿನ ಹಾರ್ನ್‌ಬೀಮ್
ರಾತ್ರಿಯಿಡೀ ಎಲೆ ಬಿಡುತ್ತಿದೆ.
ಅದಕ್ಕೆ ಯಾರೂ 'ಎಷ್ಟು ಜಿಪುಣಿ ಹುಡುಗಿ ನೀನು' ಅನ್ನುವುದಿಲ್ಲ.

ಅಕ್ಟೋಬರ್: ಮೂವತ್ತೊಂದು ತಾಸು, ಒಂಬೈನೂರು ಲಾಭ.
ಅಂದರೆ ತಾಸಿಗೆ ಇಪ್ಪತ್ತೊಂಬತ್ತು.
ಕ್ಯಾಂಟೀನಿನಲ್ಲಿ ತಟ್ಟೆ ತೊಳೆದರೆ ನೂರಮೂವತ್ತು, ಮೇಲೆ ಸೂಪು ಪುಕ್ಕಟೆ.
ಈ ಗಣಿತ ನನಗೂ ಬರುತ್ತದೆ, ರದಾನಾ,
ದಿನಾ ಹಲ್ಲುಜ್ಜುತ್ತಾ ಹೇಳಬೇಡ.

ಮಾರ್ಚಿಗೆ ಹನ್ನೊಂದು ಸಾವಿರದ ನಾನೂರು.
ಆ ವಾರ ನಾನು ತಿಂದದ್ದು ಬ್ರೆಡ್ಡಿಗೆ ಸವರಿದ ಹಂದಿ ಕೊಬ್ಬು, ಈರುಳ್ಳಿ.
ಡಬ್ಬಿ ತಲೆಯ ಹತ್ತಿರವೇ ಇತ್ತು.
ಬಿತ್ತನೆ ಕಾಳನ್ನು ಕುಟ್ಟಿ ತಿನ್ನುವ ಹಸಿವು
ಇದಕ್ಕಿಂತ ದೊಡ್ಡದಿರಬೇಕು ಅಂದುಕೊಂಡು ನೀರು ಕುಡಿದೆ.

ಆಮೇಲೆ ರದಾನಾಳ ದವಡೆ ಊದಿತು.
ಅವಳು ಕೇಳಲಿಲ್ಲ. ಡಬ್ಬಿಯ ಕಡೆ ನೋಡಲೂ ಇಲ್ಲ.
ಗೋಡೆಗೆ ಮುಖ ಮಾಡಿ ಮಲಗಿದಳು.
ಮುಖ ಓದಿ ಪಳಗಿದವಳಿಗೆ
ಬೆನ್ನು ಓದಲು ಎಷ್ಟು ಹೊತ್ತು?
ಬೇರಿನ ಚಿಕಿತ್ಸೆ, ಐದು ಸಾವಿರದ ಇನ್ನೂರು.
ನೋಟು ಎಣಿಸುವಾಗ ಮನಸ್ಸು ಒಳ್ಳೆಯದಾಗಿರಲಿಲ್ಲ,
ಬೆರಳಷ್ಟೇ ಒಳ್ಳೆಯದಾಗಿತ್ತು.
ವೈದ್ಯರ ಬಾಗಿಲಲ್ಲಿ ಕೂತು ಹಿಂಪುಟದಲ್ಲಿ ಬರೆದೆ:
ಆರು ತಿಂಗಳು, ಒಂದು ಹಲ್ಲು.
ಉಳಿದದ್ದು ಅಸಲು, ಮೇಲೆ ಇನ್ನೂರು.

ಗುರುವಾರ ಮತ್ತೆ ಹೋದೆ, ಒಂದೇ ಸಾವಿರದ ಜೊತೆ.
ಖೊವಾ ಅವರು ಮಾತಿಲ್ಲದೆ ಕಿತ್ತಳೆ ತೊಳೆ ಚಾಚಿದರು.
'ಎರಡು ವಾರ ಕಾಣಲಿಲ್ಲ, ಟ್ರಾಮ್ ತಪ್ಪಿತೇನು?' ಅಂದರು ವ್ಲಾಸ್ತಿಮಿಲ್,
ಪಕ್ಕದ ಕುರ್ಚಿಯಿಂದ ತಮ್ಮ ಟೋಪಿ ಎತ್ತಿಕೊಂಡರು.
ಮೊದಲ ಕೈ ಏಳು-ಎರಡು.
ಹೊರಗೆ ಏಪ್ರಿಲ್. ಬೀದಿದೀಪಕ್ಕೆ ಚಾಚಿದ ಕೊಂಬೆಯ ತುದಿಯಲ್ಲಿ
ಹಾರ್ನ್‌ಬೀಮ್ ಎಲೆ ಬಿಡುತ್ತಿದೆ.
ನಾನೂ ಬಿಟ್ಟೆ.