ಇಂಡೆಂಟ್ ಫಾರಮು

ವರ್ಷಕ್ಕೆ ನೂರರಾಗ ಎರಡು, ಅಂತಾರ ವಾರಿಜಾ ಮೇಡಂ.
ಅರ್ಧಾನೂ ಇಲ್ರಿ, ಅಂತಾರ ಖಾದರಬಾಷಾ ಡಾಕ್ಟ್ರು.
ಇಬ್ಬರ ಮುಂದೂ ಅದೇ ಸಾವಿನ ಪಟ್ಟಿ.
ಹಳೇ ಪ್ಲೇಗು ಲೆಕ್ಕಕ್ಕ ಬರತದೋ ಇಲ್ಲೋ
ಅನ್ನೂದರಾಗ ಚಹಾ ಆರಿತು.

ನಾನು ಉಗ್ರಾಣದ ಮುದುಕಪ್ಪ,
ಬಾಗಿಲ ಸಂದಿಗೆ ನಿಂತು ಕೇಳಿದೆ.
ರಾಯಚೂರಿನ ಮೇ ತಿಂಗಳು. ತಗಡಿನ ಕೆಳಗ
ಮಾಸ್ಕಿನ ದಾರ ಒಣ ಶಾವಿಗೆ ಹಾಂಗ ಮುರೀತದ,
ಸಿಲಿಂಡರಿನ ವಾಷರು ತಾನಾಗಿ ಬಿರೀತದ.
ಎರಡಾದರ ಹೊಸಾವು ತರಿಸಬೇಕು,
ಅರ್ಧಾದರ ಆ ರೊಕ್ಕ ಬಾಣಂತಿ ವಾರ್ಡಿನ ಫ್ಯಾನಿಗೆ.
‘ಇಷ್ಟರಿಂದ ಇಷ್ಟರ ತನಕ’ ಅಂತ ಬರಿಯಾಕ
ಫಾರಮಿನಾಗ ಖಾನೆ ಇಲ್ಲ.

ದೇವಸೂಗೂರಿನ ಸೇತುವಿ ಕಂಬಕ್ಕ
ಹೊಳಿ ಬಂದಾಗೊಮ್ಮೆ ಗೆರಿ ಎಳೀತಿದ್ದ ನಮ್ಮ ಸೋದರಮಾವ.
ಗೆರಿ ಎಳದು, ಮ್ಯಾಲೆ ಬಣ್ಣ ಕಾಣದ ಕಲ್ಲು
ಎಷ್ಟು ಉಳದದ ಅಂತ ಕತ್ತೆತ್ತಿ ನೋಡಿ
ಏಣಿ ಇಳಿದು ಬೀಡಿ ಹಚ್ಚತಿದ್ದ. ಮಾತಿಲ್ಲ.

ಸಂಜಿಗೆ ಇಬ್ಬರೂ ಉಗ್ರಾಣಕ್ಕ ಬಂದರು, ಬ್ಯಾರೆ ಬ್ಯಾರೆ.
ಮೇಡಂ ಒಂದು ವಾಷರು ಎಳದು ನೋಡಿ ಇಟ್ಟು ಹೋದರು.
ಅದೇ ವಾಷರು ಡಾಕ್ಟ್ರ ಬೆರಳಾಗ ಹರೀತು.
“ನನ್ನ ಅಂಕಿ ಅರ್ಧಾನ,” ಅಂದರು ಹೊಸ್ತಿಲ ಮ್ಯಾಲೆ ನಿಂತು,
“ಆದ್ರೂ ತರಿಸಿಬಿಡು.”

ವಾಷರು, ಮುನ್ನೂರು, ಅಂತ ಬರದೆ.
ಫ್ಯಾನಿನ ಸಾಲಿಗೆ ಬಂದು
ಪೆನ್ನು ಕಚ್ಚಿಕೋತ ಕುಂತೀನಿ.