ಸೇತುವೆ ಹಸಿರು

ಹದಿನೇಳು ಸಾವಿರದ ಎಂಟುನೂರು ಡಾಲರು.
ಹಳೇ ಪಿಕಪ್ ಟ್ರಕ್ಕಿಗೂ ಇದಕ್ಕಿಂತ ಹೆಚ್ಚು ಕೇಳುತ್ತಾರೆ
ಓಹಾಯೋ ನದಿಯ ಈ ದಂಡೆಯಲ್ಲಿ.
ಕಂದಾಯ ಬಾಕಿಯ ಹರಾಜು. ಕೂಗಿದವಳು ನಾನೊಬ್ಬಳೇ.
ಗುಮಾಸ್ತೆ ಠಸ್ಸೆ ಎತ್ತಿ, ಒತ್ತುವ ಮುನ್ನ,
ಕನ್ನಡಕದ ಮೇಲಿಂದ ನೋಡಿ ಕೇಳಿದಳು:
'ಛಾವಣಿ ನೋಡಿದ್ದೀಯಾ ತಾನೇ, ವರ್ನಾ?'
ನೋಡಿದ್ದೆ.
ಛಾವಣಿಯೊಳಗಿಂದ ಮೋಡವನ್ನೂ ನೋಡಿದ್ದೆ.

ಕಟ್ಟಿಸಿದವನು ಹಂದಿಮಾಂಸಕ್ಕೆ ಉಪ್ಪು ಹಾಕಿ
ಹಡಗಿಗೇರಿಸಿ ದುಡ್ಡು ಮಾಡಿದವನಂತೆ.
ಬಾಗಿಲ ಮೇಲಿನ ಕಲ್ಲಿನಲ್ಲಿ ೧೮೬೯.
ನೀಳ ಕಿಟಕಿಗಳು, ಮೇಲೊಂದೊಂದು ಕಮಾನು,
ಹುಬ್ಬೇರಿಸಿ ನಿಂತ ಹಾಗೆ,
ಇವಳ್ಯಾರು ನನ್ನನ್ನು ಕೊಳ್ಳಲು ಎಂದು.

ಮನೆ ಕಟ್ಟಿ ನೋಡು ಅನ್ನುವ ಗಾದೆ ಇದೆಯಲ್ಲ,
ಅದನ್ನು ಹೇಳಿದವನು ಯಾವತ್ತೂ
ಮನೆ ಕೆರೆದು ನೋಡಿರಲಿಲ್ಲ.

ಗಾರೆ ಕೆಲಸಕ್ಕೆ ಗ್ವಾಟೆಮಾಲದ ಅನ್ಸೆಲ್ಮೊ ಬಂದ.
ನಾನು ತಂದಿಟ್ಟ ಸಿಮೆಂಟಿನ ಚೀಲವನ್ನು
ಸತ್ತ ಬೆಕ್ಕನ್ನು ಎತ್ತುವ ಹಾಗೆ ಎತ್ತಿ ಹೊರಗಿಟ್ಟ.
'ಈ ಇಟ್ಟಿಗೆ ಮೆತ್ತಗಿನ ಜೀವ. ಸಿಮೆಂಟು ಹಟಮಾರಿ.
ಎರಡು ಚಳಿಗಾಲ ಸಾಕು, ಇಟ್ಟಿಗೆಯ ಮುಖವೇ ಕಿತ್ತು ಬರುತ್ತೆ.
ಸುಣ್ಣಕ್ಕೆ ಸೋಲೋದು ಗೊತ್ತು.'
ಬಕೆಟ್ಟಿನಲ್ಲಿ ಸುಣ್ಣ ನೆನೆಹಾಕಿ
ಮುಚ್ಚಳದ ಮೇಲೆ ಕೂತು ರೊಟ್ಟಿ ತಿಂದ.

ಎಲ್ಲ ಸರಿ. ಆದರೆ ಆ ಹಸಿರು!
ವಾಲ್‌ನಟ್ ಮರದ ಮೆಟ್ಟಿಲ ಕಟಕಟೆಗೆ ಹಸಿರು.
ಬೆಂಕಿಗೂಡಿನ ಅಮೃತಶಿಲೆಗೆ ಹಸಿರು.
ಕೀಲಿಗೆ, ತಿರುಗಣೆಗೆ, ಒಂದು ಜೇಡಕ್ಕೆ ಕೂಡ,
ಪಾಪ, ಎಂಟೂ ಕಾಲು ಸಹಿತ.
ಸೀಸ ಬೆರೆತ ಬಣ್ಣ. ಮೂಗಿಗೆ ಮುಖವಾಡ ಕಟ್ಟಿ,
ರಾತ್ರಿಪಾಳಿ ಮುಗಿಸಿ ಬಂದ ಕಣ್ಣಲ್ಲೇ
ದಿನಕ್ಕೊಂದು ಗೇಣು ಕೆರೆದೆ.
ಗೇಣಿಗೊಂದು ಶಾಪ ಹಾಕಿದೆ. ಶಾಪಕ್ಕೊಂದು ಹೆಸರೂ ಇತ್ತು,
ಕಂದಾಯದ ಕಾಗದದಲ್ಲಿ: ಎಲ್ಡನ್ ಪ್ರೂಯಿಟ್.

ನವೆಂಬರಿನಲ್ಲಿ ನಮ್ಮ ಶುಶ್ರೂಷಾಲಯದ
ಹದಿನಾಲ್ಕನೇ ಕೋಣೆಗೆ ಹೊಸಬರು ಬಂದರು.
ಬಿಸಿನೀರಲ್ಲಿ ಟವೆಲು ಹಿಂಡಿ ಕೈ ಒರೆಸುತ್ತಿದ್ದೆ.
ಮಣಿಕಟ್ಟಿನ ಪಟ್ಟಿ ತಿರುಗಿತು.
ಅದೇ ಹೆಸರು.

ಎಷ್ಟೋ ಹೊತ್ತು ಅದೇ ಕೈ ಒರೆಸಿದೆ ಅನಿಸುತ್ತೆ.
'ತೊಗಲು ಕಿತ್ತು ಬಂದೀತು ಮಗಳೇ' ಅಂದರು.
ಹೇಳಿಬಿಟ್ಟೆ. ಮನೆ, ಹರಾಜು, ಕೆರೆತ, ಎಲ್ಲ.
'ಎಷ್ಟು ಕೊಟ್ಟೆ?'
ಹೇಳಿದೆ.
'ನಾನು ಕೊಟ್ಟದ್ದು ಆರು ಸಾವಿರ.
ಅವತ್ತು ನಾನು ಮೋಸಹೋದೆ, ಇವತ್ತು ನೀನು.'
ನಕ್ಕರು, ಕೆಮ್ಮಿದರು, ನೀರು ಕುಡಿದರು.

ಇಪ್ಪತ್ತೆರಡು ವರ್ಷ ಸೇತುವೆಗೆ ಬಣ್ಣ ಬಳಿದವರು.
ಕಂಪನಿ ದಿವಾಳಿಯೆದ್ದಾಗ ನಾಲ್ಕು ತಿಂಗಳ ಸಂಬಳ ಬಾಕಿ.
ಬದಲಿಗೆ ಕೊಟ್ಟದ್ದು ನಲವತ್ತು ಡಬ್ಬ ಹಸಿರು.
'ತಿನ್ನೋಕಂತೂ ಬರಲ್ಲ. ಬಳಿದೆ.'

ಆ ಸೇತುವೆ ಈಗಿಲ್ಲ.
ಮದ್ದಿಟ್ಟು ಉರುಳಿಸಿದ ದಿನ ಊರೆಲ್ಲ ಕುರ್ಚಿ ಹಾಕಿ ನೋಡಿತ್ತು.
ನಾನೂ ಇದ್ದೆ, ಐಸ್‌ಕ್ರೀಮು ತಿನ್ನುತ್ತ.
ಅವರು ಹೋಗಿರಲಿಲ್ಲವಂತೆ.

ಮರುವಾರ ಒಂದು ಚಕ್ಕೆ ಒಯ್ದೆ,
ಮಾತ್ರೆಯ ಪುಟ್ಟ ಲೋಟದಲ್ಲಿ, ಮೇಲೆ ಬಿಗಿಯಾಗಿ ಅಂಟುಪಟ್ಟಿ.
ಬೆಳಕಿಗೆ ಹಿಡಿದು, ಅಂಚು ಎಣಿಸಿದರು.
'ಮೂರು ಕೈ. ನೋಡು. ಉದುರೋ ಬಣ್ಣವಲ್ಲ ಇದು.'
ಅದು ನನ್ನ ಮೊಣಕೈಗೆ ಗೊತ್ತು, ಅಂದೆ.

ಕಟಕಟೆ ಈಗ ಕಂದು, ನುಣುಪು.
ಮೆಟ್ಟಿಲ ಕೆಳಗಿನ ಕಪಾಟಿನ ಬಾಗಿಲನ್ನು ಮಾತ್ರ
ಹಾಗೇ ಬಿಟ್ಟಿದ್ದೇನೆ, ಚಕ್ಕೆ ಏಳದಂತೆ ಒಂದು ಕೈ ವಾರ್ನಿಷು ಕೊಟ್ಟು.
ಯಾಕೆ ಅಂತ ಕೇಳಿದವರಿಗೆ
ಸುಸ್ತಾಯಿತು ಅನ್ನುತ್ತೇನೆ.
ಅನ್ಸೆಲ್ಮೊ ಕೇಳಲಿಲ್ಲ.
ಬಾಗಿಲು ತೆಗೆದು, ಸುಣ್ಣದ ಬಕೆಟ್ಟು ಒಳಗಿಟ್ಟು,
ಮೆಲ್ಲಗೆ ಮುಚ್ಚಿದ.