ಹಸಿ ಕಟ್ಟಿಗಿ

ಬೈನಾದ ಮೈದಾನದಾಗ ಬಿದ್ದಳು ತನುಜಾ.
ಯಾರೂ ತಾಗಿರಲಿಲ್ಲ. ಚೆಂಡು ಎಡಕ್ಕ, ಮೈ ಎಡಕ್ಕ,
ಪಾದ ಮಾತ್ರ ಕೆಮ್ಮಣ್ಣಾಗ ನಟ್ಟಂಗ ನಿಂತಿತ್ತು.
ಟಪ್ ಅಂದದ್ದು
ಗೋಲಿನ ಹಿಂದಿದ್ದ ನನಗೂ ಕೇಳಿಸ್ತು.

ಮಡಗಾಂವದ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು
ಎಲುಬಿನ ತುದಿಗೆ ಒಂದು ಕಪ್ಪು ಗೆರಿ ತೋರಿಸಿದರು.
ಹುಡುಗಿ ಬೆಳಿಯೂದು ಇಲ್ಲೇ ಅಂತ.
ಈಗ ತೂತು ಕೊರದ್ರ ಕಾಲು ಡೊಂಕಾದೀತು,
ಬೆಳವಣಿಗಿ ನಿಲ್ಲಲಿ, ಕಾಯ್ರಿ ಅಂದ್ರು.

ಬಾಗಲಾ ಕೂಡಿಸಿ ಉಣ್ಣಾವ ನಾನು.
ಹಸಿ ಸಾಗವಾನಿಗೆ ಸ್ಕ್ರೂ ಹಾಕಬಾರದು, ಗೊತ್ತೈತಿ.
ಆದ್ರ ಕಟ್ಟಿಗಿ ಒಣಗಲಿ ಅಂತ ಕಾಯೂದು ಬ್ಯಾರೆ.

ತಿಂಗಳಿಗೊಮ್ಮೆ ಚೌಕಟ್ಟಿಗೆ ಆನಿಸಿ ನಿಲ್ಲಿಸಿ
ಪೆನ್ಸಿಲ್ ಗೆರಿ ಎಳೀತೀನಿ.
ಹಿಂದಕ್ಕ ಗೆರಿ ಏರಿದ್ರ ಬಾಯಿಗೆ ಬೆಲ್ಲ ಹಾಕತಿದ್ಲು ಅವರವ್ವ.
ಈಗ ನೋಡಿ ಒಳಗ ಹೋಗ್ತಾಳ.

ಬಿಜಾಗ್ರಿ ಸಡಲಿದ ಬಾಗಲದಂಗ
ಮೆಟ್ಟಲಾ ಇಳಿಯೂವಾಗ ಮೊಣಕಾಲು ಜಾರತೈತಿ.
ಗ್ವಾಡಿ ಹಿಡೀತಾಳ,
ನಾ ನೋಡಿಲ್ಲ ಅನ್ಕೋತಾಳ.

ನಿನ್ನೆ ಗೆರಿ ಹಳೇ ಗೆರಿ ಮ್ಯಾಲೇ ಬಿತ್ತು.
"ನಿಂತೇನಪ್ಪಾ, ಬೆಳಿಯೂದು?"
ದನಿಯಾಗ ಏನ್ ಖುಷಿ!
ಪೆನ್ಸಿಲ್ ಕಿವಿಗೆ ಸಿಗಿಸಿ ಕೆಳಗ ನೋಡಿದೆ.
ಗಟ್ಟಿ ಇದ್ದ ಮೊಣಕಾಲನ್ನೂ
ಒಂಚೂರು ಮಡಚಿ ನಿಂತಿದ್ದಳು.

ನೆಟ್ಟಗ ನಿಲ್ಲವ್ವಾ, ಅಂದೆ.